ಪಟ್ಟಿಯಲ್ಲಿ ಎಲ್ಲರ ಪಾಲಿದೆ, ಬಟಾಟೆ ಬೆಳೆದವರ ಸಂಘದ ಪಾಲು ಎಲ್ಲಿ?

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಬಟಾಟೆ ಮಾರಿದ ರೈತನ ಕೈಗೆ ಕೊನೆಗೆ ಬರುವುದು ಒಂದು ತೆಳ್ಳನೆಯ ಕಾಗದ. ಮರಾಠಿಯಲ್ಲಿ ಅದಕ್ಕೆ ಹಿಶೋಬ್ ಪಟ್ಟಿ ಅನ್ನುತ್ತಾರೆ. ನಮ್ಮ ಬೆಳಗಾವಿ ಕಡೆ ಬರೀ ಪಟ್ಟಿ. ಪುಣೆಗೆ ಬಂದು ಇಪ್ಪತ್ತು ವರ್ಷ ಆಗುತ್ತಾ ಬಂತು. ಇಂಥ ಪಟ್ಟಿ ಕಂಡಾಗಲೆಲ್ಲ ನನಗೆ ಕಾಕಾ ನೆನಪಾಗುತ್ತಾರೆ. ಅವರು ಬೆಳಗಾವಿ ಹತ್ತಿರ ಮಳೆಗಾಲದ ಬಟಾಟೆ ಬೆಳೆಯುತ್ತಿದ್ದರು. ಈಗ ಬಿಟ್ಟಿದ್ದಾರೆ. ಹಳೆಯ ಪಟ್ಟಿಗಳ ಒಂದು ಕಟ್ಟು ಮಾತ್ರ ಅವರ ಟ್ರಂಕಿನಲ್ಲಿ ಇನ್ನೂ ಇದೆ, ಸುತಳಿ ಕಟ್ಟಿಕೊಂಡು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅದರಲ್ಲಿ ಒಂದನ್ನು ಬಿಡಿಸಿ ನೋಡಿದೆ. ಮೇಲೆ 42 ಚೀಲ, ತೂಕ, ದರ. ಕೆಳಗೆ ಕಡಿತಗಳ ಸಾಲು. ಹಮಾಲಿ, ತೂಕದ ಕೂಲಿ, ಬಾರದಾನ, ಗಾಡಿ ಬಾಡಿಗೆ, ದಲಾಲಿ. ಎಲ್ಲಕ್ಕಿಂತ ಕೆಳಗೆ, ಬೇರೆ ಪೆನ್ನಿನಲ್ಲಿ, ಬೀಜದ ಬಾಕಿ. ಎಲ್ಲ ಕಳೆದ ಮೇಲೆ ಉಳಿದ ಮೊತ್ತಕ್ಕೆ ಯಾರೋ ಎರಡು ಗೆರೆ ಎಳೆದಿದ್ದರು. ಕಾಕಾ ಅದನ್ನು ನನ್ನ ಕೈಯಿಂದ ತಗೊಂಡು, ಮಡಿಚಿ, ಮತ್ತೆ ಕಟ್ಟಿನೊಳಗೆ ಇಟ್ಟರು.

ಆ ಸಾಲುಗಳನ್ನು ನೋಡುವಾಗ ಒಂದು ವಿಷಯ ತಲೆಗೆ ಬಂತು. ಬಟಾಟೆ ಮುಟ್ಟಿದ ಪ್ರತಿಯೊಬ್ಬರಿಗೂ ಆ ಕಾಗದದಲ್ಲಿ ಒಂದೊಂದು ಸಾಲು ಇದೆ. ಬೆಳೆದವರು ತಮ್ಮ ಸಲುವಾಗಿ ಒಟ್ಟಾಗಿ ಖರ್ಚು ಮಾಡುವ ಒಂದು ಸಾಲು ಇಲ್ಲ. ಬೇರೆ ಹಲವು ದೇಶಗಳ ಲೆಕ್ಕದಲ್ಲಿ ಆ ಸಾಲು ಇದೆ. ರಾಷ್ಟ್ರಮಟ್ಟದ ಆಲೂಗಡ್ಡೆ ಬೆಳೆಗಾರರ ಸಂಸ್ಥೆಗಳು ನಡೆಯುವುದೇ ಅದರ ಮೇಲೆ. ಆ ದುಡ್ಡು ಏನು ಮಾಡುತ್ತದೆ, ನಮ್ಮಲ್ಲಿ ಅದು ಯಾಕೆ ಹುಟ್ಟಿಲ್ಲ ಅನ್ನುವುದನ್ನು ಇಲ್ಲಿ ಬಿಡಿಸಿ ನೋಡುತ್ತೇನೆ.

ಮೊದಲು ಅಮೆರಿಕ. ಅಲ್ಲಿ ಎರಡು ಸಂಸ್ಥೆಗಳಿವೆ. 1948ರಲ್ಲಿ ಹುಟ್ಟಿದ ನ್ಯಾಷನಲ್ ಪೊಟ್ಯಾಟೋ ಕೌನ್ಸಿಲ್‌ಗೆ ಸರಕಾರದ ಜೊತೆ ವಾದ ಮಾಡುವ ಕೆಲಸ. ಇನ್ನೊಂದು ಪೊಟ್ಯಾಟೋಸ್ ಯುಎಸ್‌ಎ. 1971ರ ಒಂದು ಕಾನೂನಿನ ಕೆಳಗೆ ಬಂದದ್ದು. ಇದು ಐದು ಎಕರೆ ಅಥವಾ ಅದಕ್ಕಿಂತ ಜಾಸ್ತಿ ಬೆಳೆಯುವವರಿಂದ ಪ್ರತಿ ನೂರು ಪೌಂಡಿಗೆ, ಅಂದರೆ ಸುಮಾರು 45 ಕಿಲೋಗೆ, ಮೂರು ಸೆಂಟ್ ವಸೂಲು ಮಾಡುತ್ತದೆ. ನಮ್ಮ ದುಡ್ಡಿನಲ್ಲಿ ಎರಡೂವರೆ ರೂಪಾಯಿ ಆಸುಪಾಸು. ಈ ಹಣ ಸಂಶೋಧನೆಗೆ, ಪ್ರಚಾರಕ್ಕೆ, ಹೊರದೇಶದ ಮಾರುಕಟ್ಟೆ ಹುಡುಕುವುದಕ್ಕೆ ಹೋಗುತ್ತದೆ. ಕಡ್ಡಾಯವಾಗಿ ವಸೂಲು ಮಾಡಿದ ಹಣವನ್ನು ರಾಜಕೀಯ ಒತ್ತಡಕ್ಕೆ ಬಳಸುವ ಹಾಗಿಲ್ಲ. ಅದಕ್ಕೇ ಎರಡು ಬೇರೆ ಬೇರೆ ಮನೆ. ಈ ವಿಂಗಡಣೆ ನನಗೆ ತುಂಬ ಹಿಡಿಸಿತು. ಎಲ್ಲರಿಂದ ತೆಗೆದುಕೊಂಡ ದುಡ್ಡು ಎಲ್ಲರಿಗೂ ಬೇಕಾದ ಕೆಲಸಕ್ಕೆ. ಸರಕಾರದ ಹತ್ತಿರ ವಾದ ಮಾಡುವುದು, ಸ್ವಂತ ಇಷ್ಟದಿಂದ ಸದಸ್ಯರಾದವರ ದುಡ್ಡಿನಲ್ಲಿ.

ವಾದ ಅಂದರೆ ಎಂಥದ್ದು? ಒಂದೆರಡು ಪ್ರಸಂಗ ಹೇಳುತ್ತೇನೆ. ಅಮೆರಿಕದಲ್ಲಿ ಬಡ ಬಾಣಂತಿಯರಿಗೆ, ಚಿಕ್ಕ ಮಕ್ಕಳಿಗೆ ಆಹಾರ ಕೊಡುವ ಒಂದು ಸರಕಾರಿ ಯೋಜನೆ ಇದೆ. 2009ರಲ್ಲಿ ಅದರ ಹಣ್ಣು ತರಕಾರಿ ಪಟ್ಟಿ ತಯಾರಾದಾಗ ಬಿಳಿ ಆಲೂಗಡ್ಡೆಯನ್ನು ಹೊರಗಿಟ್ಟರು. ಬೆಳೆಗಾರರ ಕೌನ್ಸಿಲ್ ವರ್ಷಗಟ್ಟಲೆ ಬೆನ್ನು ಹತ್ತಿತು. 2015ರಲ್ಲಿ ಆಲೂಗಡ್ಡೆ ಒಳಗೆ ಬಂತು. ಆಮೇಲೆ 2024ರಲ್ಲಿ, ಆಹಾರ ಮಾರ್ಗಸೂಚಿಯಲ್ಲಿ ಆಲೂಗಡ್ಡೆಯನ್ನು ತರಕಾರಿಯಿಂದ ತೆಗೆದು ಧಾನ್ಯದ ಸಾಲಿಗೆ ಹಾಕಬಹುದು ಅನ್ನುವ ಮಾತು ಎದ್ದಿತು. ಮತ್ತೆ ಕೌನ್ಸಿಲ್ ಎದ್ದು ನಿಂತಿತು, ಸೆನೆಟರ್‌ಗಳು ಪತ್ರ ಬರೆದರು. ಅಂಥ ಯೋಚನೆ ಇಲ್ಲ ಎಂದು ಕೃಷಿ ಇಲಾಖೆ ಹೇಳಬೇಕಾಯಿತು. ಕೇಳಲಿಕ್ಕೆ ಸಣ್ಣ ಸಂಗತಿ. ಆದರೆ ಶಾಲೆಯ ಊಟದ ತಟ್ಟೆಯಲ್ಲಿ ಏನು ಇರಬೇಕು ಅನ್ನುವುದು ಇಂಥ ಪಟ್ಟಿಗಳಿಂದಲೇ ತೀರ್ಮಾನವಾಗುತ್ತದೆ. ಒಬ್ಬ ರೈತನಿಗೆ ಆ ಕಡತ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ.

ಮೆಕ್ಸಿಕೋದ ಕತೆಯಲ್ಲಿ ಎರಡೂ ಕಡೆ ಬೆಳೆಗಾರರ ಸಂಸ್ಥೆಗಳಿದ್ದವು. ಅಮೆರಿಕದ ಹಸಿ ಆಲೂಗಡ್ಡೆ ಗಡಿಯಿಂದ 26 ಕಿಲೋಮೀಟರ್ ಒಳಗೆ ಮಾತ್ರ ಹೋಗಬಹುದಿತ್ತು. 2014ರಲ್ಲಿ ಇಡೀ ದೇಶಕ್ಕೆ ಬಾಗಿಲು ತೆರೆಯಿತು. ಮೆಕ್ಸಿಕೋದ ಬೆಳೆಗಾರರ ಒಕ್ಕೂಟ ತನ್ನ ಸರಕಾರದ ವಿರುದ್ಧವೇ ಕೋರ್ಟಿಗೆ ಹೋಗಿ ಅದನ್ನು ನಿಲ್ಲಿಸಿತು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಕ್ಕೂಟದ ವಿರುದ್ಧ ತೀರ್ಪು ಕೊಟ್ಟಿತು. 2022ರ ಮೇ ತಿಂಗಳಲ್ಲಿ ಅಮೆರಿಕದ ಲಾರಿಗಳು ಒಳಗೆ ಹೋದವು. ಮೆಕ್ಸಿಕೋದವರು ಸೋತರು, ನಿಜ. ಆದರೆ ತಮ್ಮ ಮಾರುಕಟ್ಟೆಯನ್ನು ಅಷ್ಟು ವರ್ಷ ಹಿಡಿದಿಟ್ಟುಕೊಂಡರು. ಇಂಥ ಕೇಸನ್ನು ಒಬ್ಬ ರೈತ ತನ್ನ ಹೊಲದ ದುಡ್ಡಿನಲ್ಲಿ ನಡೆಸಲಾರ, ಒಕ್ಕೂಟ ನಡೆಸಬಹುದು.

ಇವೆಲ್ಲ ದೊಡ್ಡ ಮಟ್ಟದ ಜಗಳಗಳು. ನನ್ನನ್ನು ಜಾಸ್ತಿ ತಟ್ಟಿದ್ದು ಇನ್ನೊಂದು ಕೆಲಸ, ಅದು ಹೊಲದ ಬದುವಿನಲ್ಲಿ ನಡೆಯುವಂಥದ್ದು: ಅಂಗಮಾರಿಯ ಸುದ್ದಿ.

ಮಳೆಗಾಲದ ಬಟಾಟೆ ಬೆಳೆದವರಿಗೆ ಅಂಗಮಾರಿ ಏನು ಅಂತ ಹೇಳಬೇಕಾಗಿಲ್ಲ. ಇಲ್ಲಿ ಪುಣೆ ಜಿಲ್ಲೆಯ ಮಂಚರ್ ಕಡೆ ಅದಕ್ಕೆ ಕರಪಾ ಅನ್ನುತ್ತಾರೆ. ಎಲೆಯ ತುದಿಯಲ್ಲಿ ನೀರು ಹೀರಿದ ಹಾಗೆ ಒಂದು ಕಪ್ಪು ಮಚ್ಚೆ. ಬೆಳಿಗ್ಗೆ ಇಬ್ಬನಿ ಇರುವಾಗ ಎಲೆ ತಿರುಗಿಸಿ ನೋಡಿದರೆ ಮಚ್ಚೆಯ ಅಂಚಿಗೆ ತೆಳ್ಳಗೆ ಬಿಳಿ ಬೂಷ್ಟು. ಮೋಡ ಕವಿದು, ತಂಪು ಹಿಡಿದು, ಸಣ್ಣ ಮಳೆ ಬಿಡದೆ ಜಿನುಗಿದರೆ ಒಂದು ವಾರದಲ್ಲಿ ಹೊಲಕ್ಕೆ ಹೊಲವೇ ಸುಟ್ಟ ಹಾಗೆ ಆಗುತ್ತದೆ, ಕೊಳೆತ ವಾಸನೆ ರಸ್ತೆಗೇ ಬರುತ್ತದೆ. 1845ರಲ್ಲಿ ಐರ್ಲೆಂಡಿನ ಬರಗಾಲಕ್ಕೆ ಕಾರಣವಾದದ್ದು ಇದೇ ರೋಗ.

ಈ ರೋಗಕ್ಕೆ ಔಷಧಿ ಹೊಡೆಯುವುದಕ್ಕಿಂತ ಯಾವಾಗ ಹೊಡೆಯಬೇಕು ಅನ್ನುವುದು ಮುಖ್ಯ. ಬ್ರಿಟನ್ನಿನಲ್ಲಿ ಅದಕ್ಕೊಂದು ಸರಳ ಲೆಕ್ಕ ಇದೆ, ಹಟ್ಟನ್ ಸೂತ್ರ ಅಂತ. ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಎರಡೂ ದಿನ ಕನಿಷ್ಠ ಆರು ಗಂಟೆ ಗಾಳಿಯ ತೇವ ಶೇಕಡಾ 90 ಅಥವಾ ಮೇಲೆ ಇರಬೇಕು. ಹಾಗಾದರೆ ಆ ಪ್ರದೇಶದ ರೈತರಿಗೆ ಎಚ್ಚರಿಕೆಯ ಸಂದೇಶ ಹೋಗುತ್ತದೆ. ಇದರ ಜೊತೆಗೆ ಬೆಳೆಗಾರರ ಲೆವಿ, ಅಂದರೆ ಅವರಿಂದ ಕಡ್ಡಾಯವಾಗಿ ವಸೂಲು ಮಾಡಿದ ಹಣದಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಬೇರೆ ಬೇರೆ ಊರುಗಳಲ್ಲಿ ಸ್ಕೌಟ್‌ಗಳು ಇರುತ್ತಿದ್ದರು. ಹೊಲದಲ್ಲಿ ಮಚ್ಚೆ ಕಂಡ ತಕ್ಷಣ ಎಲೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಯಾವ ಊರಿಗೆ ಬಂತು, ರೋಗದ ಯಾವ ತಳಿ ಬಂತು, ಯಾವ ಔಷಧಿ ಇದಕ್ಕೆ ನಡೆಯುವುದಿಲ್ಲ ಅನ್ನುವುದು ಹೀಗೆ ಎಲ್ಲರಿಗೂ ತಿಳಿಯುತ್ತಿತ್ತು.

ಯಾವ ತಳಿ ಅನ್ನುವ ಪ್ರಶ್ನೆ ಸುಮ್ನೆ ವಿಜ್ಞಾನಿಗಳ ಕುತೂಹಲ ಅಲ್ಲ. ಯುರೋಪಿನಲ್ಲಿ ಹಬ್ಬಿದ ಬ್ಲೂ 13 ಎಂಬ ತಳಿ ಮೆಟಲಾಕ್ಸಿಲ್ ಎಂಬ ಔಷಧಿಗೆ ಬಗ್ಗುವುದಿಲ್ಲ. ಅದೇ ತಳಿ ದಕ್ಷಿಣ ಭಾರತಕ್ಕೂ ಬಂದಿದೆ ಎಂದು ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. ಹಾಸನ ಜಿಲ್ಲೆಯಲ್ಲಿ ಬಟಾಟೆ ಬೆಳೆ ಕುಗ್ಗಿ ಮುಸುಕಿನ ಜೋಳದ ಹೊಲ ಹೆಚ್ಚಿದ್ದಕ್ಕೆ ಅಂಗಮಾರಿ ದೊಡ್ಡ ಕಾರಣ. ಅಲ್ಲಿನ ರೈತರು ಔಷಧಿ ಹೊಡೆಯದೆ ಬೆಳೆ ಕಳಕೊಂಡವರಲ್ಲ. ಹೊಡೆದರು. ಯಾವುದು ಹೊಡೆಯಬೇಕು ಅಂತ ಕೇಳುವುದಕ್ಕೆ ಬಹಳ ಜನರಿಗೆ ಇದ್ದದ್ದು ಔಷಧಿ ಅಂಗಡಿಯವರು ಮಾತ್ರ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಇಂಡೋ ಬ್ಲೈಟ್‌ಕಾಸ್ಟ್ ಎಂಬ ಮುನ್ಸೂಚನೆಯ ಲೆಕ್ಕ ಮಾಡಿದ್ದಾರೆ. ಲೆಕ್ಕ ಇದೆ, ವಿಜ್ಞಾನಿಗಳೂ ಇದ್ದಾರೆ. ಇವತ್ತು ಮಂಚರ್‌ನಲ್ಲಿ ಮಚ್ಚೆ ಕಂಡರೆ ನಾಳೆ ಬೆಳಿಗ್ಗೆ ಅದು ಬೆಳಗಾವಿಯ ರೈತನಿಗೆ ತಿಳಿಯುವ ಹಾಗೆ ನಡುವೆ ನಿಲ್ಲುವವರು ಇಲ್ಲ. ಆ ನಡುವಿನ ಜಾಗವೇ ಬೆಳೆಗಾರರ ಸಂಸ್ಥೆಯ ಜಾಗ.

ಬ್ರಿಟನ್ನಿನ ಕತೆ ಅಲ್ಲಿಗೇ ನಿಲ್ಲುವುದಿಲ್ಲ, ಮುಂದಿನದನ್ನೂ ಹೇಳಬೇಕು. 2021ರಲ್ಲಿ ಅಲ್ಲಿನ ಆಲೂಗಡ್ಡೆ ಬೆಳೆಗಾರರು ಈ ಲೆವಿ ಇರಬೇಕೇ ಬೇಡವೇ ಎಂದು ಮತ ಹಾಕಿದರು. ಸುಮಾರು ಮೂರರಲ್ಲಿ ಎರಡು ಪಾಲು ಬೇಡ ಅಂದರು. ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಸಿಗುತ್ತಿಲ್ಲ, ಸಂಸ್ಥೆ ನಮ್ಮಿಂದ ದೂರ ಹೋಗಿದೆ ಅನ್ನುವುದು ಅವರ ಬೇಸರ. ಲೆವಿ ನಿಂತಿತು. ಆಲೂಗಡ್ಡೆ ಶೇಖರಣೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಸಟನ್ ಬ್ರಿಜ್ ಸಂಶೋಧನಾ ಕೇಂದ್ರ ಮುಚ್ಚಿತು. ಮೊಳಕೆ ತಡೆಯುವ ಹಳೆಯ ರಾಸಾಯನಿಕವೊಂದು ನಿಷೇಧವಾಗಿ, ಶೇಖರಣೆಯ ಹೊಸ ದಾರಿ ಹುಡುಕಬೇಕಾದ ಹೊತ್ತಿನಲ್ಲೇ ಅದು ಮುಚ್ಚಿದ್ದು.

ಇದನ್ನು ಓದಿದಾಗ ನನಗೆ ಎರಡೂ ಅನ್ನಿಸಿತು. ಕೇಂದ್ರ ಮುಚ್ಚಿದ್ದು ನಷ್ಟವೇ. ಆದರೆ ದುಡ್ಡು ಕೊಡುವವರಿಗೆ ಬೇಡ ಅನ್ನುವ ಹಕ್ಕು ಇದ್ದದ್ದು ಒಳ್ಳೆಯದೇ. ನ್ಯೂಜಿಲೆಂಡಿನಲ್ಲಿ ಈ ಹಕ್ಕು ಕಾನೂನಿನಲ್ಲೇ ಇದೆ. 1990ರ ಕಾನೂನಿನ ಪ್ರಕಾರ ಲೆವಿಯ ಆದೇಶ ಆರು ವರ್ಷ ಮಾತ್ರ ನಡೆಯುತ್ತದೆ. ಮುಂದುವರಿಯಬೇಕಾದರೆ ಮತ್ತೆ ಬೆಳೆಗಾರರ ಹತ್ತಿರ ಬಂದು ಮತ ಕೇಳಬೇಕು. ನಮ್ಮಲ್ಲಿ ಎಷ್ಟೋ ಸಂಘಗಳು ಬೋರ್ಡು ಹಾಕಿಕೊಂಡು, ಪದಾಧಿಕಾರಿಗಳ ಫೋಟೋ ಹಾಕಿಕೊಂಡು ನಿಂತುಬಿಟ್ಟಿವೆ. ಆರು ವರ್ಷಕ್ಕೊಮ್ಮೆ ಸದಸ್ಯರೆದುರು ಕೈಕಟ್ಟಿ ನಿಲ್ಲಬೇಕು ಅಂದರೆ ಯಾವ ಸಂಸ್ಥೆಯಾದರೂ ಎಚ್ಚರವಾಗಿರುತ್ತದೆ, ಅಲ್ವಾ?

ಈಗ ನಮ್ಮ ಕಡೆ ಬರೋಣ. ಭಾರತ ಚೀನಾ ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು ಆಲೂಗಡ್ಡೆ ಬೆಳೆಯುವ ದೇಶ. ವರ್ಷಕ್ಕೆ ಸುಮಾರು 5.7 ಕೋಟಿ ಟನ್. ಅದರಲ್ಲಿ ದೊಡ್ಡ ಪಾಲು ಚಳಿಗಾಲದ ಬೆಳೆ. ಉತ್ತರ ಪ್ರದೇಶ, ಪಶ್ಚಿಮ ಬಂಗಾಳ, ಬಿಹಾರ, ಗುಜರಾತ್. ನಮ್ಮ ದಖ್ಖನ್ನಿನದು ಮಳೆಗಾಲದ ಬೆಳೆ: ಪುಣೆ ಜಿಲ್ಲೆಯ ಆಂಬೇಗಾವ್ ತಾಲೂಕಿನ ಸಾತಗಾವ್ ಪಠಾರ, ಖೇಡ್, ಇತ್ತ ಬೆಳಗಾವಿ, ಧಾರವಾಡ, ಹಾಸನ. ಜೂನ್ ಹೊತ್ತಿಗೆ ನಾಟಿ, ಸೆಪ್ಟೆಂಬರ್ ಅಕ್ಟೋಬರ್‌ಗೆ ಕೀಳುವುದು. ಪಾಲು ಸಣ್ಣದು. ಆದರೆ ಆಗ್ರಾದ ಕೋಲ್ಡ್ ಸ್ಟೋರೇಜ್‌ನಲ್ಲಿ ತಿಂಗಳುಗಟ್ಟಲೆ ಇದ್ದ ಹಳೆಯ ಮಾಲು ಮಾತ್ರ ಸಿಗುವ ಹೊತ್ತಿಗೆ ಹೊಸ ಬಟಾಟೆ ಕೊಡುವುದು ಈ ನೆಲವೇ.

ಅದರ ಬೆಲೆ ಅಡುಗೆಮನೆಯವರಿಗೆ ಗೊತ್ತು. ನಮ್ಮ ಮನೆಯ ಹತ್ತಿರ ಕುಂದಾಪುರ ಕಡೆಯವರ ಒಂದು ಹೋಟೆಲ್ ಇದೆ. ಅಲ್ಲಿನ ಭಟ್ಟರು ಒಮ್ಮೆ ನನಗೆ ಬೇಯಿಸಿದ ಬಟಾಟೆಯ ಎರಡು ತುಂಡು ಕೊಟ್ಟು ತಿಂದು ನೋಡಿ ಅಂದರು. ಒಂದು ಬಾಯಲ್ಲಿ ಹಿಟ್ಟಿನ ಹಾಗೆ ಕರಗಿತು. ಇನ್ನೊಂದು ಅಂಟಂಟು, ನಾಲಿಗೆಗೆ ಸಿಹಿ. ಎರಡನೆಯದು ಸ್ಟೋರೇಜ್ ಮಾಲು. ಎರಡು ಮೂರು ಡಿಗ್ರಿ ಚಳಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬಟಾಟೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ದೋಸೆಯ ಪಲ್ಯ ಸಿಹಿಯಾಗುತ್ತದೆ, ಎಣ್ಣೆಗೆ ಹಾಕಿದರೆ ಬೇಗ ಕಂದು ಬಣ್ಣ ಹಿಡಿಯುತ್ತದೆ. ಮುಂಬೈಯವರು ತಳೇಗಾವ್ ಬಟಾಟೆ ಅಂತ ಹೆಸರು ಹಿಡಿದು ಕೇಳುವುದು, ಗೋವಾದವರು ಬೆಳಗಾವಿ ಮಾಲಿಗೆ ಕಾಯುವುದು ಇದಕ್ಕೇ. ಗ್ರಾಹಕರು ಇಷ್ಟು ಗುರುತು ಹಿಡಿಯುವ ಸರಕು, ಅದರ ಹೆಸರನ್ನು ಕಾಪಾಡುವ ಸಂಸ್ಥೆ ಮಾತ್ರ ಇಲ್ಲ.

ಹಾಗಂತ ಆಲೂಗಡ್ಡೆ ಸುತ್ತ ಸಂಘಗಳೇ ಇಲ್ಲ ಅಂತಲ್ಲ. 1949ರಲ್ಲಿ ಶುರುವಾದ ಕೇಂದ್ರೀಯ ಸಂಶೋಧನಾ ಸಂಸ್ಥೆ ಇದೆ, ಕುಫ್ರಿ ಜ್ಯೋತಿ, ಕುಫ್ರಿ ಪುಖ್‌ರಾಜ್ ಎಲ್ಲ ಅದರ ಕೊಡುಗೆ. ವಿಜ್ಞಾನಿಗಳ ಸಂಘ ಇದೆ. ಕೋಲ್ಡ್ ಸ್ಟೋರೇಜ್ ಮಾಲೀಕರ ಒಕ್ಕೂಟ ಇದೆ. ಎಪಿಎಂಸಿಗಳಲ್ಲಿ ವರ್ತಕರ ಸಂಘಗಳಿವೆ. ಪಂಜಾಬಿನ ಜಲಂಧರ್‌ನಲ್ಲಿ ಬಿತ್ತನೆ ಆಲೂ ಬೆಳೆಯುವ ರೈತರಿಗೆ ಪೋಸ್ಕಾನ್ ಎಂಬ ಒಕ್ಕೂಟ ಇದೆ. ಅವರ ದನಿ ಸರಕಾರಕ್ಕೆ ಕೇಳುತ್ತದೆ, ಅದು ಮೆಚ್ಚುವ ಮಾತು. ಬಿತ್ತನೆ ಆಲೂವಿಗಾಗಿಯೇ 2020ರಲ್ಲಿ ಪಂಜಾಬ್ ಒಂದು ಕಾನೂನು ಕೂಡ ಮಾಡಿತು.

ಆ ಬೀಜ ಕೊಳ್ಳುವ ಕಡೆ ನಾವಿದ್ದೇವೆ. ಪಂಜಾಬಿನ ಬಯಲಿನಲ್ಲಿ ಚಳಿಗಾಲದ ಕೆಲವು ವಾರ ರೋಗ ಹರಡುವ ಸಸ್ಯಹೇನು ಕಡಿಮೆ. ಆ ಸಮಯ ನೋಡಿ ಆರೋಗ್ಯವಂತ ಬೀಜ ಬೆಳೆಯುವ ವಿಧಾನವನ್ನು ಪುಷ್ಕರನಾಥ್ ಎಂಬ ವಿಜ್ಞಾನಿ ರೂಪಿಸಿದರು. ಅವತ್ತಿನಿಂದ ದೇಶದ ಬೀಜದ ಗಡ್ಡೆಯಲ್ಲಿ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. ಮೇ ತಿಂಗಳಲ್ಲಿ ಮಂಚರ್, ಬೆಳಗಾವಿ, ಹಾಸನದ ಮಾರುಕಟ್ಟೆಗೆ ಚೀಲಗಳು ಇಳಿಯುತ್ತವೆ. ಎಕರೆಗೆ ಆರರಿಂದ ಎಂಟು ಕ್ವಿಂಟಲ್ ಬೀಜ ಬೇಕು. ಬೇರೆ ಹೆಚ್ಚಿನ ಬೆಳೆಗಳಲ್ಲಿ ಇಷ್ಟು ಬೀಜದ ಖರ್ಚು ಇಲ್ಲ. ಚೀಲದ ಮೇಲೆ ಜಲಂಧರ್ ಅಂತ ಬರೆದಿರುತ್ತದೆ. ಒಳಗಿರುವುದು ಎಷ್ಟನೇ ತಲೆಮಾರಿನ ಬೀಜ, ವೈರಸ್ ಎಷ್ಟಿದೆ ಅನ್ನುವುದು ಹೊರಗಿಂದ ಕಾಣುವುದಿಲ್ಲ. ಒಂದು ವರ್ಷ ಕಾಕಾ ತಂದ ಬೀಜ ಕೊಯ್ದಾಗ ಹತ್ತರಲ್ಲಿ ಮೂರು ಗಡ್ಡೆಯ ಒಳಗೆ ಕಂದು ಉಂಗುರ ಇತ್ತಂತೆ. ಚೀಲ ತಗೊಂಡು ಮಾರಿದವರ ಹತ್ತಿರ ಹೋದರು. ಕೊಯ್ದ ಮಾಲು ವಾಪಸ್ ತಗೊಳ್ಳುವುದಿಲ್ಲ ಅಂದರು. ಕೊಯ್ಯದೆ ಗೊತ್ತಾಗುವುದು ಹೇಗೆ? ಆ ಪ್ರಶ್ನೆಗೆ ಕಾಕಾ ಒಬ್ಬರೇ ಉತ್ತರ ತರಿಸಲಾರರು. ಇನ್ನೂರು ರೈತರು ಒಟ್ಟಾಗಿ, ಲಾರಿ ಇಳಿಯುವ ಮೊದಲೇ ಪ್ರತಿ ಲಾಟಿನಿಂದ ಹತ್ತು ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸುತ್ತೇವೆ ಅಂದಿದ್ದರೆ ಮಾರುವವರು ಒಪ್ಪಲೇಬೇಕಿತ್ತು.

ಒಂದು ಒಳ್ಳೆಯ ಸುದ್ದಿ ಹಾಸನದಿಂದಲೇ ಇದೆ. ಅಲ್ಲಿನ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ, ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆಗೂಡಿ, ಕುಡಿಗಳನ್ನು ಬೇರು ಬರಿಸಿ ಸಸಿ ಮಾಡಿ ಅದರಿಂದ ಬೀಜದ ಗಡ್ಡೆ ತೆಗೆಯುವ ವಿಧಾನವನ್ನು ರೈತರಿಗೆ ಕಲಿಸಿದೆ. ನಮ್ಮ ನೆಲದಲ್ಲೇ ಶುದ್ಧ ಬೀಜ ಆಗಬಹುದು ಎಂದು ಇದರಿಂದ ಗೊತ್ತಾಯಿತು. ಆ ಸಸಿ ಮಂಚರ್‌ವರೆಗೆ ಬರಲು ಯಾರಾದರೂ ಬೇಡಿಕೆ ಒಟ್ಟು ಮಾಡಬೇಕು, ಮುಂಗಡ ಕಟ್ಟಬೇಕು.

ಕಾನೂನಿನ ವಿಷಯಕ್ಕೂ ಬರುತ್ತೇನೆ. ಪುಣೆ ಹತ್ತಿರದ ರಾಂಜಣಗಾವ್‌ನಲ್ಲಿ ಪೆಪ್ಸಿಕೋದ ಚಿಪ್ಸ್ ಕಾರ್ಖಾನೆ ಇದೆ. ಈ ಭಾಗದಲ್ಲಿ ಒಪ್ಪಂದದ ಮೇಲೆ ಚಿಪ್ಸ್ ಬಟಾಟೆ ಬೆಳೆಯುವವರು ಇದ್ದಾರೆ. ದರ ಮೊದಲೇ ನಿಗದಿಯಾಗುವುದು ರೈತರಿಗೆ ಒಂದು ನೆಮ್ಮದಿ, ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ 2019ರಲ್ಲಿ ಗುಜರಾತಿನ ರೈತರ ಮೇಲೆ ಅದೇ ಕಂಪನಿ ತನ್ನ ಎಫ್‌ಸಿ 5 ತಳಿ ಬೆಳೆದರು ಎಂದು ದಾವೆ ಹೂಡಿತು, ನಾಲ್ವರಿಂದ ತಲಾ ಒಂದು ಕೋಟಿಗೂ ಮೇಲೆ ಪರಿಹಾರ ಕೇಳಿತು. ದೇಶದಲ್ಲಿ ಗದ್ದಲ ಎದ್ದ ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ ದಾವೆ ಹಿಂದಕ್ಕೆ ತಗೊಂಡಿತು. 2001ರ ತಳಿ ಸಂರಕ್ಷಣಾ ಕಾನೂನು, ಬ್ರ್ಯಾಂಡ್ ಹೆಸರು ಹಾಕಿ ಮಾರದಿದ್ದರೆ, ರೈತನಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ ಹಕ್ಕು ಕೊಡುತ್ತದೆ. ರೈತರ ಹಕ್ಕಿನ ಕಾರ್ಯಕರ್ತೆ ಕವಿತಾ ಕುರುಗಂಟಿ ಅವರ ಅರ್ಜಿಯ ಮೇಲೆ 2021ರ ಡಿಸೆಂಬರ್‌ನಲ್ಲಿ ಆ ತಳಿಯ ಮೇಲೆ ಕಂಪನಿಗಿದ್ದ ನೋಂದಣಿ ರದ್ದಾಯಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಕಂಪನಿಯ ಪರ ತೀರ್ಪು ಕೊಟ್ಟಿತು. ಈ ಇಡೀ ಹೋರಾಟದಲ್ಲಿ ಆ ರೈತರ ಬೆನ್ನಿಗೆ ನಿಂತದ್ದು ಬೀಜದ ಹಕ್ಕಿನ ಕಾರ್ಯಕರ್ತರು, ಸಾಮಾನ್ಯ ರೈತ ಸಂಘಟನೆಗಳು. ಅವರಿಗೆ ಕೈ ಮುಗಿಯಬೇಕು. ಆದರೆ ಇಂಥ ಕೇಸು ನಡೆಸುವುದು ಮೊದಲು ಯಾರ ಹೊಣೆ?

ಬೆಳೆಗಾರರ ಸಂಸ್ಥೆ, ಲೆವಿ ಎಲ್ಲ ವಿದೇಶದ ಮಾತು, ನಮ್ಮಲ್ಲಿ ನಡೆಯುವುದಿಲ್ಲ ಅನ್ನುವವರು ಸಿಗುತ್ತಾರೆ. ಅವರನ್ನು ನಾನು ವಾಶಿಗೆ ಕರೆದುಕೊಂಡು ಹೋಗುತ್ತೇನೆ. ನವಿ ಮುಂಬೈಯ ವಾಶಿಯ ಕಾಂದಾ ಬಟಾಟಾ ಮಾರುಕಟ್ಟೆಯಲ್ಲಿ ಚೀಲ ಹೊರುವವರು ಮಾಥಾಡಿ ಕಾರ್ಮಿಕರು. ಅಣ್ಣಾಸಾಹೇಬ್ ಪಾಟೀಲರು ಅವರನ್ನು ಒಟ್ಟು ಮಾಡಿದರು, 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಕಾನೂನು ಬಂತು. ಆ ಕಾನೂನಿನಲ್ಲಿ ಏನಿದೆ ಗೊತ್ತಾ? ಹಮಾಲಿ ಕೊಡುವವರು ಕೂಲಿಯ ಜೊತೆಗೆ ಅದರ ಇಷ್ಟು ಪಾಲು ಅಂತ ಲೆವಿಯನ್ನು ಮಂಡಳಿಗೆ ಕಟ್ಟಬೇಕು. ಆ ಲೆವಿಯಿಂದ ಹಮಾಲರಿಗೆ ಭವಿಷ್ಯನಿಧಿ, ಗ್ರಾಚ್ಯುಟಿ, ಬೋನಸ್. ಲೆವಿ ಅನ್ನುವ ಶಬ್ದವೇ ಅಲ್ಲಿ ದಿನಬಳಕೆಯ ಮಾತು. ಇತ್ತ ಪುಣೆಯಲ್ಲಿ ಬಾಬಾ ಆಢಾವ್ ಅವರು 1950ರ ದಶಕದಲ್ಲಿ ಕಟ್ಟಿದ ಹಮಾಲ್ ಪಂಚಾಯತ್ ಇದೆ. ಅದು ನಡೆಸುವ ಕಷ್ಟಾಚೀ ಭಾಕರ್ ಕೇಂದ್ರದಲ್ಲಿ ನಾನೂ ಎಷ್ಟೋ ಮಧ್ಯಾಹ್ನ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ ಉಂಡಿದ್ದೇನೆ.

ಪಟ್ಟಿಯಲ್ಲಿ ಹಮಾಲಿಯ ಸಾಲು ಅಷ್ಟು ಗಟ್ಟಿಯಾಗಿ ನಿಂತಿರುವುದು ಅದಕ್ಕೇ. ಅದನ್ನು ಯಾರೂ ಇವತ್ತು ಕೊಡುತ್ತೇನೆ ನಾಳೆ ಕೊಡುತ್ತೇನೆ ಅನ್ನುವ ಹಾಗಿಲ್ಲ. ಇದು ನನಗೆ ಖುಷಿಯ ವಿಷಯ. ಐವತ್ತು ಕಿಲೋ ಚೀಲವನ್ನು ಬೆನ್ನ ಮೇಲೆ ಹೊತ್ತು ನಡೆದವರು ಆ ಸಾಲನ್ನು ಗಳಿಸಿದರು. ಅದೇ ಚೀಲವನ್ನು ನೆಲದಿಂದ ಎಬ್ಬಿಸಿದವರು ಅದೇ ಕಾಗದದಲ್ಲಿ ತಮ್ಮ ಸಾಲು ಗಳಿಸಬಹುದು.

ಹಾಗಾದರೆ ಯಾಕೆ ಆಗಿಲ್ಲ? ಪುಣೆಯಲ್ಲೇ ದ್ರಾಕ್ಷಿಯವರನ್ನು ನೋಡಿದರೆ ಉತ್ತರ ಸ್ವಲ್ಪ ಸಿಗುತ್ತದೆ. ಮಹಾರಾಷ್ಟ್ರ ರಾಜ್ಯ ದ್ರಾಕ್ಷ ಬಾಗಾಯತದಾರ ಸಂಘ 1960ರಲ್ಲಿ ಶುರುವಾಯಿತು. ಪುಣೆ ಹತ್ತಿರದ ಮಾಂಜರಿಯಲ್ಲಿ ಅದರ ಕಚೇರಿ, ಅಲ್ಲೇ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ. ತಿಂಗಳ ಪತ್ರಿಕೆ, ವರ್ಷಕ್ಕೊಂದು ದೊಡ್ಡ ಅಧಿವೇಶನ. ಒಂದು ವರ್ಷ ಆ ಅಧಿವೇಶನಕ್ಕೆ ಹೋಗಿದ್ದೆ, ನನ್ನ ಹಿಂದಿನ ಸಾಲಿನಲ್ಲಿ ವಿಜಯಪುರದ ಕನ್ನಡ ಕೇಳಿಸಿತು. ಛಾಟಣಿ, ಅಂದರೆ ಬಳ್ಳಿ ಸವರುವುದು, ಯಾವಾಗ ಮಾಡಬೇಕು ಎಂದು ವಿಜ್ಞಾನಿಯನ್ನು ನಿಲ್ಲಿಸಿ ಕೇಳುತ್ತಿದ್ದರು. 2010ರಲ್ಲಿ ರಾಸಾಯನಿಕದ ಉಳಿಕೆ ಕಂಡು ಯುರೋಪ್ ನಮ್ಮ ದ್ರಾಕ್ಷಿ ತಡೆದಾಗ ಆ ಬೆಳೆಗಾರರಿಗೆ ಒಟ್ಟಿಗೆ ಕೂತು ಮಾತಾಡಲು ಒಂದು ಮನೆ ಇತ್ತು.

ದ್ರಾಕ್ಷಿ ಬಳ್ಳಿ ಹದಿನೈದು ವರ್ಷ ನಿಲ್ಲುತ್ತದೆ. ಹಾಕಿದವನು ದ್ರಾಕ್ಷಿ ಬೆಳೆಗಾರ ಅಂತಲೇ ಗುರುತಾಗುತ್ತಾನೆ. ಬಟಾಟೆ ಮೂರು ಮೂರೂವರೆ ತಿಂಗಳ ಬೆಳೆ. ಕಿತ್ತ ಮೇಲೆ ಅದೇ ಹೊಲಕ್ಕೆ ಜೋಳವೋ ಕಡಲೆಯೋ ಬೀಳುತ್ತದೆ. ರೈತ ತನ್ನನ್ನು ಬಟಾಟೆ ಬೆಳೆಗಾರ ಅಂತ ಅಂದುಕೊಳ್ಳುವುದೇ ಇಲ್ಲ. ಒಳ್ಳೆಯ ದರ ಬಂದ ವರ್ಷ ಸಂಘ ನೆನಪಾಗುವುದಿಲ್ಲ, ಕೆಟ್ಟ ವರ್ಷ ಮುಂದಿನ ಸಲ ಬಟಾಟೆಯೇ ಬೇಡ ಅನ್ನುತ್ತಾನೆ.

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ, ಕಾಕಾನ ಪಟ್ಟಿಯ ಕೊನೆಯ ಸಾಲಿನಲ್ಲಿ ಬೇರೆ ಪೆನ್ನಿನಲ್ಲಿ ಬರೆದದ್ದು. ಮೇ ತಿಂಗಳಲ್ಲಿ ಬೀಜವನ್ನು ಉದ್ರಿ ಕೊಡುವವರು, ಅಕ್ಟೋಬರ್‌ನಲ್ಲಿ ಮಾಲು ಮಾರಿಕೊಡುವವರು ಬಹಳ ಸಲ ಒಬ್ಬರೇ. ಅವರು ಕೆಟ್ಟವರು ಅಂತಲ್ಲ. ಬ್ಯಾಂಕು ಕೊಡದಾಗ ಅವರೇ ಕೊಟ್ಟವರು, ಮನೆಯ ಮದುವೆಗೆ ಬಂದು ಉಂಡವರು. ಆದರೆ ಬಾಕಿ ಇರುವವರೆಗೆ ರೈತ ಬೀಜ ಸರಿ ಇರಲಿಲ್ಲ ಅನ್ನಲಾರ, ದರ ಕಡಿಮೆ ಆಯಿತು ಅಂತ ಬೇರೆ ಪೇಟೆಗೆ ಹೋಗಲಾರ. ಹಾಗಾಗಿ ಸಂಘದ ಮೊದಲ ಕೆಲಸ ಮೋರ್ಚಾ ಅಲ್ಲ, ಬೀಜಕ್ಕೆ ಬೇರೆ ಕಡೆಯಿಂದ ಸಾಲ. ಈ ಒಂದು ಗಂಟು ಬಿಚ್ಚಿದರೆ ಉಳಿದವು ತಾವಾಗಿ ಸಡಿಲವಾಗುತ್ತವೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮೋರ್ಚಾದ ಇತಿಹಾಸವೂ ಈ ನೆಲದ್ದೇ. ಶರದ್ ಜೋಶಿಯವರು 1970ರ ದಶಕದ ಕೊನೆಯಲ್ಲಿ ಈರುಳ್ಳಿ ದರಕ್ಕಾಗಿ ಚಳವಳಿ ಶುರು ಮಾಡಿದ್ದು ಪುಣೆಯಿಂದ ಒಂದು ಗಂಟೆ ದೂರದ ಚಾಕಣ್‌ನಲ್ಲಿ. ಅದೇ ಹೊತ್ತಿಗೆ ನಮ್ಮಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘ ಎದ್ದಿತು. ಆ ಚಳವಳಿಗಳು ರೈತನ ತಲೆ ಎತ್ತಿಸಿದವು. ಆದರೆ ಮಚ್ಚೆ ಬಿದ್ದ ಎಲೆಯನ್ನು ಪರೀಕ್ಷೆಗೆ ಕಳಿಸುವುದು, ಲಾಟು ಲಾಟು ಬೀಜ ನೋಡುವುದು ವರ್ಷವಿಡೀ ನಡೆಯಬೇಕಾದ ಕೆಲಸ. ಅದಕ್ಕೆ ಸಂಬಳದ ನಾಲ್ಕು ಜನ ಬೇಕು, ದಿನಾ ತೆರೆಯುವ ಒಂದು ಕಚೇರಿ ಬೇಕು.

ದುಡ್ಡು ಎಲ್ಲಿಂದ ಅಂತ ಕೇಳಿದರೆ, ಲೆಕ್ಕ ಸುಲಭ. 5.7 ಕೋಟಿ ಟನ್ ಅಂದರೆ 57 ಕೋಟಿ ಕ್ವಿಂಟಲ್. ಕ್ವಿಂಟಲ್‌ಗೆ ಒಂದು ರೂಪಾಯಿ ಹಿಡಿದರೆ ವರ್ಷಕ್ಕೆ 57 ಕೋಟಿ. ಎಲ್ಲ ಮಾಲೂ ಪಟ್ಟಿಯ ಮೇಲೆ ಬರುವುದಿಲ್ಲ, ಬೀಜಕ್ಕೆ, ಮನೆಗೆ ಉಳಿಯುವುದೂ ಇದೆ. ಅರ್ಧ ಬಂದರೂ ದೊಡ್ಡ ದುಡ್ಡೇ. ಸರಕಾರ 2018ರ ಬಜೆಟ್‌ನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆ ಆಪರೇಷನ್ ಗ್ರೀನ್ಸ್ ಅಂತ 500 ಕೋಟಿ ಇಟ್ಟಿತು. 2025ರ ಜೂನ್‌ನಲ್ಲಿ ಆಗ್ರಾದಲ್ಲಿ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ದಕ್ಷಿಣ ಏಷ್ಯಾ ಶಾಖೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಯೋಜನೆಯ ಹಣ ಎಲ್ಲಿಗೆ ಹೋಗಬೇಕು ಎಂದು ಹೇಳುವ ಕುರ್ಚಿಯಲ್ಲಿ ಬೆಳೆಗಾರ ಕೂರುವುದಿಲ್ಲ. ತನ್ನ ಒಂದು ರೂಪಾಯಿ ಇದ್ದರೆ ಕೂರುತ್ತಾನೆ.

ಒಂದು ಭಯ ಮಾತ್ರ ನನಗಿದೆ. ದೇಶಕ್ಕೆಲ್ಲ ಒಂದೇ ಸಂಸ್ಥೆ ಆದರೆ ಆಗ್ರಾ, ಹೂಗ್ಲಿಯ ದೊಡ್ಡ ಬೆಳೆಯ ಮುಂದೆ ದಖ್ಖನ್ನಿನ ಮಳೆಗಾಲದ ಬೆಳೆ ಮೂಲೆಗೆ ಸರಿಯುತ್ತದೆ. ದಕ್ಷಿಣ ಆಫ್ರಿಕಾದವರು ಇದಕ್ಕೊಂದು ದಾರಿ ಮಾಡಿದ್ದಾರೆ. ಅಲ್ಲಿನ ರಾಷ್ಟ್ರೀಯ ಸಂಸ್ಥೆ ದೇಶವನ್ನು 16 ಬೆಳೆ ಪ್ರದೇಶಗಳಾಗಿ ನೋಡುತ್ತದೆ. ನಮ್ಮಲ್ಲಿ ಕೆಲಸ ಇನ್ನೂ ಕೆಳಗಿನಿಂದ ಶುರುವಾಗಬೇಕು ಎಂದು ನನ್ನ ಅಭಿಪ್ರಾಯ. ಮಂಚರ್, ಬೆಳಗಾವಿ, ಧಾರವಾಡ, ಹಾಸನ ಒಂದು ಪ್ರದೇಶ. ಅದೇ ಜಲಂಧರ್ ಬೀಜ, ಅದೇ ಜೂನ್ ಮಳೆ, ಅದೇ ಅಂಗಮಾರಿ. ಎರಡು ರಾಜ್ಯ, ಎರಡು ಭಾಷೆ ಇರಬಹುದು. ಗಡಿಯ ಜಗಳ ರೋಗಕ್ಕೆ ಗೊತ್ತಿಲ್ಲ. ಈ ನಾಲ್ಕು ಕಡೆಯವರು ಒಂದು ಸಂಘವಾಗಿ ಕಂಪನಿ ಕಾನೂನಿನ ಕೆಳಗೆ ರೈತ ಉತ್ಪಾದಕ ಸಂಸ್ಥೆಗಳನ್ನು ಸೇರಿಸಿಕೊಂಡು ನಡೆಯುವುದಕ್ಕೆ ಇವತ್ತಿನ ಕಾನೂನೇ ಸಾಕು, ಹೊಸದು ಬೇಕಿಲ್ಲ.

ಕಳೆದ ಮಳೆಗಾಲ ಸಾತಗಾವ್ ಪಠಾರಕ್ಕೆ ಹೋಗಿದ್ದೆ. ಮೋಡ ನೆಲಕ್ಕೇ ತಾಗಿದ ಹಾಗಿತ್ತು. ಬದುವಿನಲ್ಲಿ ನಿಂತಿದ್ದ ಹುಡುಗ ಒಂದು ಎಲೆ ಕಿತ್ತು, ತಿರುಗಿಸಿ, ಮೊಬೈಲಿನಲ್ಲಿ ಫೋಟೋ ತೆಗೆದ. ಊರಿನವರ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ಊರಿನ ಹೆಸರು, ತಾರೀಕು, ಕರಪಾ ಎಂಬ ಮೂರಕ್ಷರ. ನಾನು ಅವನ ಹತ್ತಿರ ಆ ಫೋಟೋ ಕೇಳಿ ತಗೊಂಡು ಬೆಳಗಾವಿಗೆ, ಕಾಕಾನಿಗೆ ಕಳಿಸಿದೆ. ಕಾಕಾ ಬಟಾಟೆ ಬಿಟ್ಟು ಎಷ್ಟೋ ವರ್ಷ ಆಯಿತು. ಆದರೂ ಹತ್ತು ನಿಮಿಷದಲ್ಲಿ ಫೋನ್ ಮಾಡಿದರು. "ಯಾವ ಊರು ಇದು? ಅಲ್ಲಿ ಮಳಿ ಎಷ್ಟ ದಿನದಿಂದ ಹಿಡದೈತಿ? ಇಲ್ಲೆ ಬಾಜೂ ಹೊಲದವರಿಗೆ ಈಗ ಹೋಗಿ ಹೇಳ್ತೀನಿ ತಡಿ" ಅಂದು, ನಾನು ಉತ್ತರ ಕೊಡುವ ಮೊದಲೇ ಚಪ್ಪಲಿ ಮೆಟ್ಟಿಕೊಳ್ಳುವ ಸದ್ದು ಕೇಳಿಸಿತು.